ಆ ಸರಾಸರಿ ಯಾರದು?

ಪ್ರಶ್ನೆ: ಮಹಿಳಾ ದಿನಕ್ಕೆ ಎ3 ಪೋಸ್ಟರ್ ಮಾಡುತ್ತಿದ್ದೇವೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ. ಗುಲಾಬಿ, ನೀಲಿ ಬಣ್ಣದ ಎರಡು ಪಟ್ಟಿ ಎಳೆದರೆ ಸಾಕಲ್ಲವೇ? ಸ್ತ್ರೀವಾದಿ ವಿನ್ಯಾಸ ಅಂದರೆ ಇನ್ನೇನು?
– ಓದುಗರೊಬ್ಬರು, ಧಾರವಾಡ

ಉತ್ತರ: ಬಣ್ಣದ ಮಾತು ಆಮೇಲೆ. ಆ 97 ಯಾರ ಸರಾಸರಿ ಎಂದು ಮೊದಲು ನೋಡಿ. ಸಮೀಕ್ಷೆ ಲೆಕ್ಕ ಹಾಕಿದ ದಿನ ಮನೆಗೆಲಸ ಮಾಡಿದವರದ್ದು ಮಾತ್ರ! ಆರು ವರ್ಷ ತುಂಬಿದವರ ಪೈಕಿ ಹೀಗೆ ಮಾಡಿದ್ದು ಶೇ 81.2 ಹೆಂಗಸರು, ಶೇ 26.1 ಗಂಡಸರು. ಪಾತ್ರೆ ಮುಟ್ಟದ ಮುಕ್ಕಾಲು ಪಾಲು ಗಂಡಸರು ಲೆಕ್ಕದಿಂದಲೇ ಜಾರಿಕೊಂಡಿದ್ದಾರೆ. 299ನ್ನು 0.812ರಿಂದ, 97ನ್ನು 0.261ರಿಂದ ಗುಣಿಸಿ: ಎಲ್ಲರನ್ನೂ ಸೇರಿಸಿದ ಸರಾಸರಿ ಸುಮಾರು 243 ಮತ್ತು 25 ನಿಮಿಷ. ಮೂರು ಪಟ್ಟಿನ ಅಂತರ ಹತ್ತಿರ ಹತ್ತಿರ ಹತ್ತು ಪಟ್ಟಾಯಿತು. ಸ್ತ್ರೀವಾದಿ ಪ್ರಶ್ನೆ ಇರುವುದು ಇಲ್ಲೇ, ಬಣ್ಣದ ಡಬ್ಬಿಯಲ್ಲಲ್ಲ.

ಕಾಗದ ಅಡ್ಡ ಇಟ್ಟು, ನಿಮಿಷಕ್ಕೆ 1 ಮಿ.ಮೀ.ನಂತೆ ಸೊನ್ನೆಯಿಂದ ಪಟ್ಟಿ ಎಳೆಯಿರಿ: 24.3 ಸೆಂ.ಮೀ., 2.5 ಸೆಂ.ಮೀ. ಪ್ರತಿ 6 ಸೆಂ.ಮೀ.ಗೆ ಗಂಟೆಯ ಗೆರೆ. ಹೆಸರನ್ನು ಪಟ್ಟಿಯ ಪಕ್ಕದಲ್ಲೇ ಬರೆಯಿರಿ. ತಿಳಿಗುಲಾಬಿ, ತಿಳಿನೀಲಿ ಜೆರಾಕ್ಸ್‌ನಲ್ಲಿ ಒಂದೇ ಬೂದು ಆಗುತ್ತವೆ. ಹೆಣ್ಣಿಗೆ ಗುಲಾಬಿ, ಗಂಡಿಗೆ ನೀಲಿ ಎಂಬ ಹಳೇ ಅಚ್ಚೂ ಬೇಡ. ಕಡುನೇರಳೆ, ತಿಳಿಕಿತ್ತಳೆ ಆಗಬಹುದು.

ಮಕ್ಕಳ, ಹಿರಿಯರ ಆರೈಕೆ ಈ ಅಂಕಿಯಲ್ಲಿಲ್ಲ, ಅದರ ಲೆಕ್ಕ ಬೇರೆ. ಪಟ್ಟಿಯ ಕೆಳಗೆ ಅದನ್ನೂ, ಯಾರ ಸರಾಸರಿ ಎಂಬುದನ್ನೂ ಕಣ್ಣಿಗೆ ಕಾಣುವ ಅಕ್ಷರದಲ್ಲಿ ಹಾಕಿ. ‘ಕೆಲಸವಿಲ್ಲದ ಗೃಹಿಣಿಯರು’ ಎಂಬ ಶೀರ್ಷಿಕೆ ಮಾತ್ರ ದಯವಿಟ್ಟು ಬೇಡ.