ಡೆಂಪ್‌ಸ್ಟರ್ ಹೆದ್ದಾರಿಗೆ ಆರು ದಿನ ಸಾಲದು

ಆಗಸ್ಟ್ ಕೊನೆಯಲ್ಲಿ ಧಾರವಾಡದಿಂದ ಬರುವ ತಂದೆ-ತಾಯಿಯನ್ನು ಕೂರಿಸಿಕೊಂಡು, ಕೆನಡಾದ ವೈಟ್‌ಹಾರ್ಸ್‌ನಿಂದ ಬಾಡಿಗೆ ಕಾರಿನಲ್ಲಿ ಆರ್ಕ್‌ಟಿಕ್ ಸಮುದ್ರದ ದಂಡೆಯ ಟಕ್ಟೊಯಾಕ್ಟಕ್‌ಗೆ ಆರು ದಿನಗಳಲ್ಲಿ ಹೋಗಿಬರಬಹುದೇ ಎಂದು ಕೇಳಿದ್ದೀರಿ. ಬೇಡ. ಹತ್ತು ದಿನ ಇಟ್ಟುಕೊಳ್ಳಿ. ಅದರಲ್ಲಿ ಎರಡು ದಿನಗಳನ್ನು ಖಾಲಿ ಬಿಡಿ.

ನಾನು ಆ ದಾರಿಯಲ್ಲಿ ಕಾರು ಓಡಿಸಿದ್ದೇನೆ. ಡಾಸನ್ ಸಿಟಿಯ ಹತ್ತಿರ ಶುರುವಾಗಿ ಇನುವಿಕ್ ಪಟ್ಟಣದವರೆಗೆ ಹೋಗುವ ಡೆಂಪ್‌ಸ್ಟರ್ ಹೆದ್ದಾರಿ ಸುಮಾರು 736 ಕಿಲೋಮೀಟರ್. ಬಹುಪಾಲು ಜಲ್ಲಿ ರಸ್ತೆ. ಅಲ್ಲಿಂದ ಟಕ್ಟೊಯಾಕ್ಟಕ್‌ಗೆ ಇನ್ನೂ 140 ಕಿಲೋಮೀಟರ್‌ನಷ್ಟಿದೆ. ಆ ರಸ್ತೆ ತೆರೆದದ್ದು 2017ರಲ್ಲಿ. ನೀವು ದೂರವನ್ನು ದಿನಗಳಿಂದ ಭಾಗಿಸಿ ಲೆಕ್ಕ ಹಾಕಿದ್ದೀರಿ. ಆ ಲೆಕ್ಕ ಇಲ್ಲಿ ನಡೆಯದಿರುವುದಕ್ಕೆ ಕಾರಣ ಕಾಲಡಿಯ ನೆಲವೇ. ಅಲ್ಲಿ ಮಣ್ಣು ಬೇಸಿಗೆಯಲ್ಲೂ ಒಳಗೆ ಹೆಪ್ಪುಗಟ್ಟಿಯೇ ಇರುತ್ತದೆ. ಅದು ಕರಗಿದರೆ ರಸ್ತೆ ಕುಸಿಯುತ್ತದೆ. ಹಾಗಾಗಿ ಹಾಸಿಗೆಯಂತೆ ದಪ್ಪವಾಗಿ ಜಲ್ಲಿ ಸುರಿದು, ಅದರ ಮೇಲೆ ದಾರಿ ಮಾಡಿದ್ದಾರೆ. ಒಣಗಿದ್ದಾಗ ದೂಳು, ಮಳೆ ಬಂದರೆ ಜಾರುವ ಕೆಸರು. ಗಂಟೆಗೆ ಎಪ್ಪತ್ತು ಕಿಲೋಮೀಟರ್ ವೇಗವೂ ಕೆಲವೆಡೆ ಹೆಚ್ಚೇ.

ಇನ್ನು ನದಿಗಳು. ಪೀಲ್ ಮತ್ತು ಮೆಕೆಂಜಿ ಎರಡಕ್ಕೂ ಸೇತುವೆ ಇಲ್ಲ. ಬೇಸಿಗೆಯಲ್ಲಿ ವಾಹನ ಹೊತ್ತೊಯ್ಯುವ ಫೆರಿ ದೋಣಿ ದಾಟಿಸುತ್ತದೆ, ಹಣ ಕೊಡಬೇಕಿಲ್ಲ. ಚಳಿಗಾಲದಲ್ಲಿ ಗಟ್ಟಿಯಾದ ನದಿಯ ಮೇಲೆಯೇ ವಾಹನ ಹೋಗುತ್ತದೆ. ನೀರು ಏರಿದರೆ ಅಥವಾ ಮರದ ದಿಮ್ಮಿಗಳು ತೇಲಿಬಂದರೆ ಫೆರಿ ನಿಲ್ಲುತ್ತದೆ. ಆಗ ದಡದಲ್ಲಿ ಕಾಯುವುದನ್ನು ಬಿಟ್ಟು ಬೇರೆ ದಾರಿಯೇ ಇಲ್ಲ. ಖಾಲಿ ದಿನಗಳನ್ನು ಕೇಳಿದ್ದು ಇದಕ್ಕಾಗಿ. ಮರಳುವ ವಿಮಾನದ ಟಿಕೆಟನ್ನು ದಯವಿಟ್ಟು ಕೊನೆಯ ದಿನಕ್ಕೆ ಅಂಟಿಸಬೇಡಿ.

ಕಾರಿನ ವಿಷಯದಲ್ಲಿ ನಾನು ಹಟಮಾರಿ. ಹಲವು ಬಾಡಿಗೆ ಕಂಪನಿಗಳು ಜಲ್ಲಿ ರಸ್ತೆಗೆ ಅನುಮತಿ ಕೊಡುವುದಿಲ್ಲ. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಅಲ್ಲಿನ ಚೂಪಾದ ಪದರಗಲ್ಲು ಟೈರನ್ನು ಸೀಳುತ್ತದೆ. ಪೂರ್ಣ ಗಾತ್ರದ ಎರಡು ಸ್ಟೆಪ್ನಿ, ಜ್ಯಾಕ್, ಗಾಳಿ ತುಂಬುವ ಪಂಪ್ ಇರಲಿ. ಡಿಕ್ಕಿಯಲ್ಲಿರುವ ಚಿಕ್ಕ ತಾತ್ಕಾಲಿಕ ಚಕ್ರವನ್ನು ನಂಬಬೇಡಿ. ಹೆದ್ದಾರಿಯ ಬುಡದಿಂದ 369ನೇ ಕಿಲೋಮೀಟರ್‌ನ ಈಗಲ್ ಪ್ಲೇನ್ಸ್‌ವರೆಗೆ ಪೆಟ್ರೋಲ್ ಇಲ್ಲ, ಹೊರಡುವ ಮುನ್ನ ಟ್ಯಾಂಕ್ ತುಂಬಿಸಿ. ಈಗಲ್ ಪ್ಲೇನ್ಸ್‌ನ ಹೋಟೆಲಿನ ಕೋಣೆಯನ್ನು ಮೊದಲೇ ಕಾಯ್ದಿರಿಸಿ. ನಿಮ್ಮ ತಂದೆ-ತಾಯಿಗೆ ಡೇರೆಯ ವಾಸ ಆಗಲಿಕ್ಕಿಲ್ಲ. ದಾರಿಯ ಬಹುಭಾಗ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಬಾಡಿಗೆಗೆ ತನ್ನಿ. ಅವರಿಬ್ಬರ ಔಷಧಿಯೂ ಕೆಲವು ದಿನಗಳಿಗೆ ಹೆಚ್ಚಿಗೆ ಇರಲಿ.

ಊಟ? ಸಸ್ಯಾಹಾರಿಗಳಿಗೆ ದಾರಿಯಲ್ಲಿ ಆಯ್ಕೆ ತೀರಾ ಕಡಿಮೆ. ಅವಲಕ್ಕಿ, ಶೇಂಗಾ ಚಟ್ನಿಪುಡಿ, ಒಂದು ಚಿಕ್ಕ ಒಲೆ ಸಾಕು. ಆದರೆ ಅದು ಕರಡಿಗಳ ಸೀಮೆ. ಡಬ್ಬಿ ತೆರೆದಿಟ್ಟು ಅಡ್ಡಾಡಬೇಡಿ, ಉಂಡು ಉಳಿದದ್ದನ್ನೆಲ್ಲ ಕಾರಿನೊಳಗೆ ಇಟ್ಟು ಬಾಗಿಲು ಹಾಕಿ.

ನೀವು ಆರಿಸಿದ ಕಾಲ ಮಾತ್ರ ಬಹಳ ಚೆನ್ನಾಗಿದೆ. ಆಗ ಟೂಂಬ್‌ಸ್ಟೋನ್ ಪರ್ವತಗಳ ಕೆಳಗೆ ಟಂಡ್ರಾದ ಕುರುಚಲು ಗಿಡಗಳು ಕೆಂಪಾಗುತ್ತವೆ, ಸೊಳ್ಳೆಗಳ ಕಾಟವೂ ಇಳಿದಿರುತ್ತದೆ. ಟಕ್ಟೊಯಾಕ್ಟಕ್ ಸುತ್ತ ಪಿಂಗೊಗಳಿವೆ: ನೆಲದೊಳಗಿನ ಮಂಜುಗಡ್ಡೆ ಉಬ್ಬಿ ಎತ್ತಿದ ಗುಡ್ಡಗಳು. ನಿಮ್ಮ ತಂದೆಗೆ ಅವನ್ನು ತೋರಿಸಲೇಬೇಕು ಎನ್ನುತ್ತೇನೆ.

ರಜೆ ಹತ್ತು ದಿನ ಸಿಗದೇ ಹೋದರೆ ಸಮುದ್ರದ ಆಸೆ ಬಿಡಿ. 71ನೇ ಕಿಲೋಮೀಟರ್‌ನ ಟೂಂಬ್‌ಸ್ಟೋನ್ ಉದ್ಯಾನದ ಬಳಿ ದಿನವಿಡೀ ಸುತ್ತಾಡಿ ಸಂಜೆ ಡಾಸನ್ ಸಿಟಿಗೆ ಮರಳಿ ಮಲಗಿ. ವಯಸ್ಸಾದವರ ಜೊತೆ ಆರು ದಿನಗಳಿಗೆ ನಾನು ಒಪ್ಪುವ ಯೋಜನೆ ಅದೊಂದೇ.