ಹಿಮಗುಹೆಯ ಚಿತ್ರವೂ ಅದರ ಬೆನ್ನಿನ ಅಕ್ಷರಗಳೂ

ಸಾಗರದಿಂದ ಪತ್ರ ಬರೆದಿರುವ ಓದುಗರಿಗೆ ನಮಸ್ಕಾರ.

ನಿವೃತ್ತ ಭೂಗೋಳ ಅಧ್ಯಾಪಕರಾದ ತಾವು ಧ್ರುವಯಾತ್ರೆಗಳ ಹಳೆಯ ಛಾಯಾಚಿತ್ರಗಳನ್ನು ಕೂಡಿಡುವ ಹಂಬಲದಿಂದ ಬೆಂಗಳೂರಿನ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ 6,000 ರೂಪಾಯಿ ಕೊಟ್ಟು ಹಿಮಗುಹೆಯ ಚಿತ್ರವೊಂದನ್ನು ಕೊಂಡುದಾಗಿಯೂ, ಅದು 1911ರ ಅಸಲು ಪ್ರತಿಯೆಂದು ಅಂಗಡಿಯವರು ಹೇಳಿದುದಾಗಿಯೂ ಬರೆದಿದ್ದೀರಿ. ಅದು ನಿಜವಾಗಿಯೂ ಅಸಲೇ, ಧ್ರುವಯಾತ್ರೆಯ ಛಾಯಾಗ್ರಾಹಕ ಫ್ರಾಂಕ್ ಹರ್ಲಿಯಂಥವರು ತಿದ್ದಿ ಜೋಡಿಸಿದ ಚಿತ್ರಗಳನ್ನು ಕೊಳ್ಳಬಹುದೇ, ಮಲೆನಾಡಿನ ಮಳೆಗಾಲದಲ್ಲಿ ಇವನ್ನು ಕಾಪಾಡುವುದು ಹೇಗೆ ಎಂಬ ಮೂರು ಪ್ರಶ್ನೆಗಳಲ್ಲಿ ಮೊದಲನೆಯದೇ ಹೆಚ್ಚು ಜಾಗ ಬೇಡುತ್ತದೆ.

ಚಿತ್ರ ಯಾವುದೆಂಬ ಬಗ್ಗೆ ಸಂಶಯವಿಲ್ಲ. ದಕ್ಷಿಣ ಧ್ರುವಕ್ಕೆ ಹೊರಟ ಬ್ರಿಟಿಷ್ ನಾಯಕ ಸ್ಕಾಟ್‌ನ ಟೆರಾ ನೋವಾ ಹಡಗಿನ ತಂಡದ ಛಾಯಾಗ್ರಾಹಕ ಹರ್ಬರ್ಟ್ ಪಾಂಟಿಂಗ್ 1911ರ ಜನವರಿ 5ರಂದು, ಅಂಟಾರ್ಕ್ಟಿಕದ ಕೇಪ್ ಇವಾನ್ಸ್ ಸಮೀಪದ ಹಿಮಬಂಡೆಯೊಂದರ ಒಳಗೆ ನಿಂತು ತೆಗೆದದ್ದು ಅದು. ಗುಹೆಯ ಬಾಯಲ್ಲಿರುವವರು ಭೂವಿಜ್ಞಾನಿ ಗ್ರಿಫಿತ್ ಟೇಲರ್ ಮತ್ತು ಭೌತವಿಜ್ಞಾನಿ ಚಾರ್ಲ್ಸ್ ರೈಟ್. ದೂರದಲ್ಲಿ ಕಾಣುವುದು ಅವರ ಹಡಗು. ಆದರೆ ಚಿತ್ರ ಒಂದೇ ಆದರೂ ಅದನ್ನು ಹೊತ್ತ ಕಾಗದಗಳು ಹಲವು, ಬೆಲೆ ಇರುವುದು ಕಾಗದಕ್ಕೆ. ಆ ಪಯಣದಲ್ಲಿ ಪಾಂಟಿಂಗ್ ಬಳಸಿದ ಗಾಜಿನ ಫಲಕಗಳು, ಎಂದರೆ ನೆಗೆಟಿವ್‌ಗಳು, 2004ರಿಂದ ಕೇಂಬ್ರಿಜ್‌ನ ಸ್ಕಾಟ್ ಪೋಲಾರ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿವೆ. ಅವುಗಳಿಂದ ಈ ಶತಮಾನದಲ್ಲಿಯೂ ಸೊಗಸಾದ ಪ್ಲಾಟಿನಂ ಪ್ರತಿಗಳನ್ನು ತೆಗೆದು ಮಾರಲಾಗಿದೆ. 1913ರ ಕೊನೆಯಲ್ಲಿ ಲಂಡನ್ನಿನ ಫೈನ್ ಆರ್ಟ್ ಸೊಸೈಟಿಯಲ್ಲಿ ಪಾಂಟಿಂಗ್ ಪ್ರದರ್ಶಿಸಿದ ದೊಡ್ಡ ಗಾತ್ರದ ಕಾರ್ಬನ್ ಪ್ರತಿಗಳು ಬೇರೆ. ಆ ಕಾಲದ ಸಚಿತ್ರ ವಾರಪತ್ರಿಕೆಗಳ ಪುಟಗಳು ಇನ್ನೂ ಬೇರೆ. ಸಂಗ್ರಾಹಕರು ‘ವಿಂಟೇಜ್’ ಎನ್ನುವುದು ಚಿತ್ರ ತೆಗೆದ ಕಾಲಕ್ಕೆ ಹತ್ತಿರದಲ್ಲೇ ಸಿದ್ಧಗೊಂಡ ಪ್ರತಿಯನ್ನು ಮಾತ್ರ.

ಇನ್ನು ತಮ್ಮ ಪ್ರತಿಯ ವಿಚಾರ. ಭೂತಗನ್ನಡಿ ಹಿಡಿದು ತೆಗೆದು ಕಳುಹಿಸಿದ ಎರಡನೆಯ ಚಿತ್ರದಲ್ಲಿ, ಹಡಗಿನ ಮೇಲಿನ ಆಕಾಶವನ್ನು ಮತ್ತೊಮ್ಮೆ ನೋಡಿರಿ. ಅಲ್ಲಿ ರಂಗೋಲಿಗೆ ಇಟ್ಟ ಚುಕ್ಕಿಗಳಂತೆ ಸಾಲುಸಾಲಾಗಿ ಮಸಿಯ ಚುಕ್ಕಿಗಳಿವೆ. ಕತ್ತಲಿರುವಲ್ಲಿ ಅವು ದಪ್ಪ, ಬೆಳಕಿರುವಲ್ಲಿ ಸಣ್ಣ. ಅದು ಅಚ್ಚಿನ ಮನೆಯ ಗುರುತು, ಡಾರ್ಕ್‌ರೂಮಿನದಲ್ಲ. ಕಾರ್ಬನ್ ಪ್ರತಿಯಲ್ಲಿ ಬಣ್ಣದ ಪುಡಿ ಬೆರೆತ ಜೆಲಟಿನ್ನೇ ಚಿತ್ರವಾಗುವುದರಿಂದ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಕಪ್ಪು ಭಾಗಗಳು ತುಸು ಉಬ್ಬಿದಂತೆ ಕಾಣುತ್ತವೆ. ಹಳೆಯ ಬೆಳ್ಳಿ ಪ್ರತಿಯಾದರೆ ಕಪ್ಪು ಅಂಚುಗಳಲ್ಲಿ ಕನ್ನಡಿಯಂಥ ಹೊಳಪು ಏಳುವುದುಂಟು. ಚುಕ್ಕಿಗಳ ಸಾಲು ಮಾತ್ರ ಈ ಎರಡರಲ್ಲಿಯೂ ಇರುವುದಿಲ್ಲ. ‘ಹಿಂಬದಿಯಲ್ಲಿ ಮಸುಕಾದ ಮುದ್ರೆಯೊಂದಿದೆ, ಓದಲಾಗುತ್ತಿಲ್ಲ’ ಎಂದು ತಾವು ಬರೆದದ್ದನ್ನು ಓದಿ ನಮಗೂ ಮೊದಲು ಆಸೆ ಹುಟ್ಟಿತ್ತು. ಆದರೆ ಆ ಭಾಗದ ಚಿತ್ರವನ್ನು ಕನ್ನಡಿಗೆ ಹಿಡಿದಾಗ, ಎರಡು ಅಂಕಣಗಳಲ್ಲಿ ಜೋಡಿಸಿದ ಇಂಗ್ಲಿಷ್ ಸಾಲುಗಳು ಕಂಡವು. ಅದು ಎದುರು ಪುಟದ ಮಸಿ ವರ್ಷಗಟ್ಟಲೆ ಒತ್ತಿಕೊಂಡು ಮೂಡಿಸಿದ ಕಲೆ.

ಆದ್ದರಿಂದ ಇದು ಪತ್ರಿಕೆಯಿಂದಲೋ ಪುಸ್ತಕದಿಂದಲೋ ಬಿಡಿಸಿ ಕಟ್ಟು ಹಾಕಿಸಿದ ಹಾಳೆಯೆಂದೇ ಹೇಳಬೇಕಾಗಿದೆ. ಹಾಳೆಯ ವಯಸ್ಸು ಅಳೆಯಲು ನೋಟು ಪರೀಕ್ಷಿಸುವ ನೇರಳಾತೀತ ದೀಪವೊಂದು ಸಾಕು: ಕಾಗದ ನೀಲಿಯಾಗಿ ಬೆಳಗಿದರೆ ಅದು ಬಹುತೇಕ 1950ರ ನಂತರದ್ದು, ಏಕೆಂದರೆ ಬಿಳುಪು ಹೆಚ್ಚಿಸುವ ರಾಸಾಯನಿಕಗಳು ಕಾಗದಕ್ಕೆ ಬಂದದ್ದು ಆ ಆಸುಪಾಸಿನಲ್ಲಿ. ಬೆಳಗದಿದ್ದರೆ ಅದು ಪಾಂಟಿಂಗ್‌ನ ಕಾಲದ್ದೇ ಆಗಿರಬಹುದು, ಇಟ್ಟುಕೊಳ್ಳಲು ಯೋಗ್ಯವೂ ಹೌದು. 6,000 ರೂಪಾಯಿ ಮಾತ್ರ ನಮ್ಮ ದೃಷ್ಟಿಯಲ್ಲಿ ಹೆಚ್ಚಾಯಿತು. ರಸೀದಿಯಲ್ಲಿ ‘ಅಸಲು’ ಎಂದು ಬರೆದಿದ್ದರೆ ಹಿಂದಿರುಗಿಸಲು ಸಂಕೋಚಪಡಬೇಡಿರಿ.

ಹರ್ಲಿಯ ವಿಚಾರದಲ್ಲಿ ತಮ್ಮಷ್ಟು ಕಟುವಾಗಲು ನಮಗೆ ಮನಸ್ಸಿಲ್ಲ. 1915ರಲ್ಲಿ ಎಂಡ್ಯೂರೆನ್ಸ್ ಹಡಗನ್ನು ಹಿಮ ಹಿಂಡಿದಾಗ, ಅದರೊಳಗಿನ ಕೊರೆಯುವ ಹಿಮನೀರಿಗೆ ಇಳಿದು ನೆಗೆಟಿವ್‌ಗಳ ಪೆಟ್ಟಿಗೆಗಳನ್ನು ಎತ್ತಿದವನು ಆತ. ಬಳಿಕ ಯಾತ್ರೆಯ ನಾಯಕ ಶ್ಯಾಕಲ್ಟನ್‌ನೊಂದಿಗೆ ಹಿಮದ ಮೇಲೆ ಕುಳಿತು ಸುಮಾರು 120 ಫಲಕಗಳನ್ನು ಆರಿಸಿಕೊಂಡು, ಮನಸ್ಸು ಬದಲಾಗದಿರಲೆಂದು ಉಳಿದ ಸುಮಾರು 400ನ್ನು ಅಲ್ಲಿಯೇ ಒಡೆದುಹಾಕಿದ. ಅನಂತರ ಉಳಿದದ್ದು ಒಂದು ಜೇಬಿನ ಕ್ಯಾಮೆರಾ, ಮೂರು ಸುರುಳಿ ಫಿಲ್ಮ್. ತಂಡ ಸಿಲುಕಿದ್ದ ಎಲಿಫೆಂಟ್ ದ್ವೀಪದಿಂದ 1916ರ ಏಪ್ರಿಲ್‌ನಲ್ಲಿ ನೆರವು ತರಲು ದೋಣಿ ಹೊರಟ ಚಿತ್ರವನ್ನೇ ತಿದ್ದಿ, ಆಗಸ್ಟ್‌ನಲ್ಲಿ ನಡೆದ ರಕ್ಷಣೆಯ ಚಿತ್ರವೆಂದು ತೋರಿಸಿದ್ದು ತಪ್ಪೇ. ಆದರೆ ಆ ಪ್ರತಿ ಆ ಕಾಲದ್ದಾಗಿದ್ದರೆ ತಿದ್ದುಪಡಿಯೂ ಅದರ ಚರಿತ್ರೆಯ ಭಾಗ. ಕೊಳ್ಳಿರಿ, ಅಡಿಬರಹವನ್ನು ಸರಿಯಾಗಿ ಬರೆದಿಡಿರಿ. ತಾವು ‘ಅಪ್ಪಟ’ವೆಂದು ಮೆಚ್ಚಿದ ಸ್ಕಾಟ್ ತಂಡದ ದಕ್ಷಿಣ ಧ್ರುವದ ಗುಂಪುಚಿತ್ರದಲ್ಲಿ ಕೂಡ ತಂಡದವನಾದ ಬೋವರ್ಸ್‌ನ ಕೈಯಲ್ಲಿ ಶಟರ್ ಎಳೆಯುವ ದಾರವಿದೆ; ಅಂದರೆ ಅದೂ ಸಜ್ಜುಗೊಳಿಸಿ ತೆಗೆದ ಚಿತ್ರವೇ.

ಮಳೆಗಾಲದ ಬಗ್ಗೆ ಎರಡೇ ಮಾತು. ಹೊರಗೋಡೆಗೆ ಚಿತ್ರ ತೂಗುಹಾಕಬೇಡಿರಿ, ಲ್ಯಾಮಿನೇಷನ್‌ನ ಯೋಚನೆಯನ್ನಂತೂ ಪೂರ್ತಿ ಬಿಡಿರಿ. ಚೌಕಟ್ಟಿನ ಹಿಂದಿನ ಪ್ಲೈವುಡ್ ತೆಗೆಸಿ ಆಮ್ಲರಹಿತ ರಟ್ಟು ಹಾಕಿಸಿ, ಬೂಸ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸದೆ, ಒಣಹವೆ ಬರುವವರೆಗೆ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡಿರಿ. ನೇರಳಾತೀತ ದೀಪದಲ್ಲಿ ಏನು ಕಂಡಿತೆಂಬುದನ್ನು ತಿಳಿಸಿದರೆ ಸಂತೋಷ.

— ಸಂಪಾದಕ