ಮರೆವು ಡಿಮೆನ್ಷಿಯಾಕ್ಕೆ ತಿರುಗುತ್ತದೆಯೇ?

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ, ಆದರೆ ತಮ್ಮ ಕೆಲಸ, ಲೆಕ್ಕಪತ್ರ ತಾವೇ ನೋಡಿಕೊಳ್ಳುತ್ತಾರೆ. ‘ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್’ (ಎಂಸಿಐ) ಎಂದಿದ್ದಾರೆ ಡಾಕ್ಟರು. ಹತ್ತು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ನಿದ್ದೆ ಬರಲೆಂದು ರಾತ್ರಿ ಅಲರ್ಜಿ ಮಾತ್ರೆ ನುಂಗುತ್ತಾರೆ. ಇದು ಡಿಮೆನ್ಷಿಯಾ ಆಗಿಯೇ ತೀರುತ್ತದೆಯೇ?

ಉತ್ತರ: ಹಾಗೇನಿಲ್ಲ. ಎಂಸಿಐ ಎಂದರೆ ವಯಸ್ಸಿಗೆ ಮೀರಿದ ಮರೆವಿದ್ದರೂ ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಬಲ್ಲ ಸ್ಥಿತಿ; ಡಿಮೆನ್ಷಿಯಾದಲ್ಲಿ ಅದೂ ಕೈತಪ್ಪುತ್ತದೆ. 65 ದಾಟಿದ, ಎಂಸಿಐ ಇರುವ ನೂರು ಮಂದಿಯಲ್ಲಿ ಎರಡು ವರ್ಷದೊಳಗೆ ಡಿಮೆನ್ಷಿಯಾ ಕಾಣಿಸಿಕೊಳ್ಳುವುದು ಸುಮಾರು 15 ಮಂದಿಗೆ. ಎಷ್ಟೋ ಮಂದಿ ಇದ್ದಂತೆಯೇ ಇರುತ್ತಾರೆ, ಕೆಲವರು ಸಹಜ ಸ್ಥಿತಿಗೂ ಮರಳುತ್ತಾರೆ. ಮರಳಿದವರ ಮೇಲೂ ಒಂದು ಕಣ್ಣಿರಬೇಕು.

ಅಪಾಯ ಹೆಚ್ಚಿಸುವ ವಯಸ್ಸು, ಹುಟ್ಟಿನಿಂದ ಬರುವ ಎಪಿಒಇ-ಇ4 ಜೀನ್ ನಮ್ಮ ಕೈಯಲ್ಲಿಲ್ಲ. ಮರೆವಿನ ಜತೆಗೆ ಮಾತು, ದಾರಿ, ಲೆಕ್ಕವೂ ತಪ್ಪತೊಡಗಿದರೆ, ಎಂಆರ್‌ಐಯಲ್ಲಿ ಹಿಪೊಕ್ಯಾಂಪಸ್ (ಮಿದುಳಿನಲ್ಲಿ ನೆನಪು ರೂಪಿಸುವ ಭಾಗ) ಕುಗ್ಗಿದ್ದರೆ ಅಪಾಯ ಹೆಚ್ಚು. ಯಾವುದರಲ್ಲೂ ಆಸಕ್ತಿಯಿಲ್ಲದೆ ಸುಮ್ಮನೆ ಕೂರುವುದನ್ನು ಮನೆಯವರು ‘ವಯಸ್ಸಾಯಿತು’ ಎಂದು ತಳ್ಳಿಹಾಕುತ್ತಾರೆ; ಅದೂ ಇದೇ ಸಾಲಿಗೆ ಸೇರಿದ ಲಕ್ಷಣ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಅಲರ್ಜಿ ಮಾತ್ರೆ. ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್‌ನಂಥವು ನೆನಪಿಗೆ ಬೇಕಾದ, ಮಿದುಳಿನ ಸಂದೇಶವಾಹಕ ರಾಸಾಯನಿಕ ಅಸಿಟೈಲ್‌ಕೋಲಿನ್‌ನ ಕೆಲಸಕ್ಕೇ ಅಡ್ಡ ಬರುತ್ತವೆ. ಖಿನ್ನತೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಅವಸರದ ಮೂತ್ರವನ್ನು ಹಿಡಿತಕ್ಕೆ ತರಲು ಕೊಡುವ ಆಕ್ಸಿಬ್ಯುಟಿನಿನ್ ಕೂಡ ಹಾಗೆಯೇ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಬರೆದುಕೊಟ್ಟ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ.

ಇನ್ನು ಮೆಟ್‌ಫಾರ್ಮಿನ್. ವರ್ಷಗಟ್ಟಲೆ ತೆಗೆದುಕೊಂಡರೆ ವಿಟಮಿನ್ ಬಿ12 ಇಳಿಯಬಹುದು, ಅದರಿಂದಲೂ ಮರೆವು ಬರುತ್ತದೆ. ಬಿ12, ಥೈರಾಯ್ಡ್ ಎರಡನ್ನೂ ಪರೀಕ್ಷಿಸಿ. ಶುಗರ್ ಏರಿದರೆ ಕೆಟ್ಟದ್ದು ಎಂದು ಎಲ್ಲರಿಗೂ ಗೊತ್ತು. ತೀರಾ ಇಳಿದರೂ ಮಿದುಳಿಗೆ ಪೆಟ್ಟು. ಶುಗರನ್ನು ತೀರಾ ಇಳಿಸಬಲ್ಲ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಜತೆಗಿದ್ದರೆ, ತೆಗೆದುಕೊಂಡದ್ದು ಮರೆತು ಮತ್ತೊಮ್ಮೆ ತೆಗೆದುಕೊಳ್ಳುವ ಭಯವಿದೆ. ವಾರದ ಏಳು ಖಾನೆಗಳ ಡಬ್ಬಿ ಇಡಿ, ಅದನ್ನು ತುಂಬುವ ಕೆಲಸ ನಿಮ್ಮದಾಗಿರಲಿ. ಇಂಥವರಲ್ಲಿ, ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿಯನ್ನು 6.5ಕ್ಕೆ ಇಳಿಸಲೇಬೇಕೆಂಬ ಹಟ ಬೇಡ, 8ರೊಳಗಿದ್ದರೆ ಸಾಕಾಗಬಹುದು.

ಕಿವಿ ಪರೀಕ್ಷೆಯನ್ನೂ ಮಾಡಿಸಿ. ಕೇಳಿಸದ ಮಾತು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ರಕ್ತದೊತ್ತಡ, ಧೂಮಪಾನ, ಖಿನ್ನತೆ, ಜೋರು ಗೊರಕೆಯ ನಡುವೆ ಉಸಿರು ನಿಲ್ಲುವುದು, ಇವುಗಳ ಬಗ್ಗೆಯೂ ವಿಚಾರಿಸಿ.

ಡೊನೆಪೆಜಿಲ್ (ಡಿಮೆನ್ಷಿಯಾಕ್ಕೆ ಕೊಡುವ ಔಷಧಿ), ಗಿಂಕೊ (ಮರದ ಎಲೆಯ ಸಾರ), ವಿಟಮಿನ್ ಇ ಮಾತ್ರೆಗಳು ಎಂಸಿಐ ಡಿಮೆನ್ಷಿಯಾ ಆಗುವುದನ್ನು ತಡೆಯುತ್ತವೆ ಎಂದು ಸಾಬೀತಾಗಿಲ್ಲ. ಆ ದುಡ್ಡು ಹಿಯರಿಂಗ್ ಏಡ್‌ಗೆ ಹೋಗಲಿ. ವ್ಯಾಯಾಮಕ್ಕೆ ಅವಕ್ಕಿಂತ ಒಳ್ಳೆಯ ಆಧಾರವಿದೆ: ವಾರಕ್ಕೆ ಕನಿಷ್ಠ ಎರಡು ದಿನ, ಆರು ತಿಂಗಳು ಬಿಡದೆ.

ಆರು ತಿಂಗಳಿಗೊಮ್ಮೆ ನೆನಪಿನ ಪರೀಕ್ಷೆ ಮಾಡಿಸಿ. ಕನ್ನಡಕ, ಹಿಯರಿಂಗ್ ಏಡ್ ಮರೆತು ಹೋದರೆ ಅಂಕ ಸುಮ್ಮನೆ ಇಳಿಯುತ್ತದೆ. ಒಂದೆರಡು ದಿನದಲ್ಲೇ ದಿಢೀರನೆ ಗೊಂದಲ ಶುರುವಾದರೆ ಮುಂದಿನ ಭೇಟಿಗೆ ಕಾಯಬೇಡಿ. ಸೋಂಕು, ಸೋಡಿಯಂ ಇಳಿತ ಅಥವಾ ಹೊಸ ಔಷಧಿ ಕಾರಣವಿರಬಹುದು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.